ಒಂದೇ ಪುಸ್ತಕ, ಪೇಟೆಗೊಂದು ಹೆಸರು

ಗುರುದೇವ ರಾನಡೆಯವರ ಒಂದು ಇಂಗ್ಲಿಷ್ ಪುಸ್ತಕಕ್ಕೆ ಮೂರು ಹೆಸರಿವೆ. 1933ರಲ್ಲಿ ಪುಣೆಯಲ್ಲಿ ಅಚ್ಚಾದಾಗ ಅದು ‘ಮಿಸ್ಟಿಸಿಸಂ ಇನ್ ಮಹಾರಾಷ್ಟ್ರ’. 1961ರಲ್ಲಿ ಮುಂಬಯಿಯ ಭಾರತೀಯ ವಿದ್ಯಾಭವನ ಹೊರತಂದಾಗ ‘ಪಾಥ್‌ವೇ ಟು ಗಾಡ್ ಇನ್ ಮರಾಠಿ ಲಿಟರೇಚರ್’. 1983ರಲ್ಲಿ ಅಮೆರಿಕದ ಸ್ಟೇಟ್ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್ ಪ್ರೆಸ್ ಪ್ರಕಟಿಸಿದಾಗ ‘ಮಿಸ್ಟಿಸಿಸಂ ಇನ್ ಇಂಡಿಯಾ: ದಿ ಪೊಯೆಟ್ ಸೇಂಟ್ಸ್ ಆಫ್ ಮಹಾರಾಷ್ಟ್ರ’. ಒಳಗಿರುವವರು ಅವರೇ: ಜ್ಞಾನೇಶ್ವರ, ನಾಮದೇವ, ಏಕನಾಥ, ತುಕಾರಾಮ, ರಾಮದಾಸ. ಹೊರಗಿನ ಹೆಸರು ನಂಬಿ ಹಣ ಕೊಟ್ಟವರ ಕಪಾಟಿನಲ್ಲಿ ಮಾತ್ರ ಒಂದೇ ಪುಸ್ತಕ ಮೂರು ಸಲ ಬಂದು ಕೂತಿರುತ್ತದೆ.

ರಾಮಚಂದ್ರ ದತ್ತಾತ್ರೇಯ ರಾನಡೆ ಹುಟ್ಟಿದ್ದು 1886ರ ಜುಲೈ 3ರಂದು, ಜಮಖಂಡಿಯಲ್ಲಿ. ಓದಿದ್ದು ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾಗಿ, ಕೊನೆಗೆ ವಿಜಯಪುರ ಸೀಮೆಯ ನಿಂಬಾಳದಲ್ಲಿ ನೆಲೆಸಿ, 1957ರಲ್ಲಿ ತೀರಿಕೊಂಡರು. ಎಂದರೆ, ಕೊನೆಯ ಎರಡು ಹೆಸರು ಅವರ ಪುಸ್ತಕಕ್ಕೆ ಅಂಟಿದ್ದು ಅವರು ಹೋದ ಮೇಲೆ.

ಆ ಮೂರು ಹೆಸರುಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಪೇಟೆಯ ಲೆಕ್ಕ ಹೇಗೆ ನಡೆಯುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. 1933ರ ಸಂಪುಟ ಭಾರತೀಯ ತತ್ತ್ವಶಾಸ್ತ್ರದ ಇತಿಹಾಸ ಎಂಬ ದೊಡ್ಡ ಯೋಜನೆಯ ಏಳನೆಯ ಭಾಗ. ಕೊಳ್ಳುವವರು ಕಾಲೇಜಿನ ಗ್ರಂಥಾಲಯಗಳು, ಪಂಡಿತರು. ಅವರಿಗೆ ವಿಷಯ ಮತ್ತು ಸೀಮೆ ಗೊತ್ತಾದರೆ ಸಾಕು. ಹಾಗಾಗಿ ‘ಅನುಭಾವ’ ಒಂದು, ‘ಮಹಾರಾಷ್ಟ್ರ’ ಒಂದು. 1961ರ ಹೊತ್ತಿಗೆ ರಾನಡೆಯವರ ಹಿಂದಿ ಸಂತರ ಪುಸ್ತಕ 1954ರಲ್ಲೂ ಕನ್ನಡ ಸಂತರ ಪುಸ್ತಕ 1960ರಲ್ಲೂ ‘ಪಾಥ್‌ವೇ ಟು ಗಾಡ್’ ಎಂದೇ ಆರಂಭವಾಗುವ ಹೆಸರಿನಲ್ಲಿ ಬಂದಿದ್ದವು. ಮರಾಠಿ ಸಂತರದೂ ಅದೇ ಹೆಸರು ಹೊತ್ತರೆ ಮೂರೂ ಒಡಹುಟ್ಟಿದವರಂತೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಒಂದನ್ನು ಕೊಂಡವನು ಇನ್ನೆರಡನ್ನು ಕೇಳುತ್ತಾನೆ. ಮೇಲಾಗಿ ‘ಮಿಸ್ಟಿಸಿಸಂ’ ಎಂಬ ಗಡುಸು ಮಾತು ಹೋಗಿ ‘ದೇವರ ದಾರಿ’ ಬಂತು. ಅದು ಪಂಡಿತನಿಗಿಂತ ಭಕ್ತನಿಗೆ ಹತ್ತಿರದ ಮಾತು.

ಅಮೆರಿಕದ ಓದುಗನ ಮುಂದೆ ಹೋದಾಗ ಲೆಕ್ಕ ಮತ್ತೆ ತಿರುಗಿತು. ಅಲ್ಲಿ ಮಹಾರಾಷ್ಟ್ರ ಎಲ್ಲಿದೆ ಎಂದು ಬಲ್ಲವರು ಎಷ್ಟು ಜನ? ದೇಶದ ಹೆಸರು ಮೇಲಕ್ಕೆ ಬಂತು, ರಾಜ್ಯದ ಹೆಸರು ಉಪಶೀರ್ಷಿಕೆಗೆ ಇಳಿಯಿತು. ‘ಕವಿ-ಸಂತರು’ ಎಂಬ ಹೊಸ ಮಾತು ಸೇರಿತು. ಏಕೆಂದರೆ ವಿಶ್ವವಿದ್ಯಾಲಯದ ಧರ್ಮಶಾಸ್ತ್ರ ವಿಭಾಗದವನೂ ಕೊಳ್ಳಬೇಕು, ಸಾಹಿತ್ಯ ವಿಭಾಗದವನೂ ಕೊಳ್ಳಬೇಕು. ಒಂದು ಸಾಲಿನಲ್ಲಿ ಇಬ್ಬರು ಗಿರಾಕಿಗಳು.

ಲಕೋಟೆಯ ಮೇಲೆ ದೊಡ್ಡದಾಗಿ ಬರೆಯುವುದು ತಲುಪಬೇಕಾದವರ ವಿಳಾಸ. ಪುಸ್ತಕದ ಹೆಸರೂ ಅಂಥದೇ. ಬರೆದವನ ಮನಸ್ಸಿನಲ್ಲಿ ಏನಿತ್ತು ಎನ್ನುವುದಕ್ಕಿಂತ ಯಾರ ಕೈಗೆ ಸೇರಬೇಕು ಎನ್ನುವುದು ಅಲ್ಲಿ ಎದ್ದು ಕಾಣುತ್ತದೆ. ಊರು ಬದಲಾದರೆ ವಿಳಾಸವೂ ಬದಲಾಗುತ್ತದೆ.

ರಬಕವಿ-ಬನಹಟ್ಟಿಯ ನೇಕಾರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗ ಅದೇ, ನೂಲು ಅದೇ, ನೇಯುವ ಕೈಯೂ ಅದೇ. ಆದರೆ ದಡಿ ಮತ್ತು ಸೆರಗು ಮಾತ್ರ ಸೀರೆ ಯಾವ ಪೇಟೆಗೆ ಹೋಗುತ್ತದೆ ಎಂಬುದರ ಮೇಲೆ. ಕಚ್ಚೆ ಹಾಕಿ ಉಡುವವರಿಗೆ ಒಂಬತ್ತು ವಾರಿ ಬೇಕು, ನೆರಿಗೆ ಹಿಡಿದು ಉಡುವವರಿಗೆ ಅಷ್ಟು ಬೇಡ. ಬಿಚ್ಚಿ ಉಟ್ಟ ಮೇಲೆ ಬಟ್ಟೆಯ ಗುಣ ಗೊತ್ತಾಗುತ್ತದೆ. ಆದರೆ ಅಂಗಡಿಯಲ್ಲಿ ಕೈ ಹಾಕಿಸುವುದು ಮಡಿಕೆಯ ಮೇಲೆ ಕಾಣುವ ದಡಿ. ಪುಸ್ತಕಕ್ಕೆ ಆ ದಡಿಯೇ ರಕ್ಷಾಪುಟ.

ಮುಧೋಳಕ್ಕೆ ಬಂದರೆ ಈ ಕಥೆ ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ. ಅಲ್ಲಿಯ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನ ಕಾವ್ಯಕ್ಕೆ ಎರಡು ಹೆಸರು: ‘ಸಾಹಸಭೀಮ ವಿಜಯ’ ಮತ್ತು ‘ಗದಾಯುದ್ಧ’. ಮೊದಲ ಹೆಸರು ಆಸ್ಥಾನಕ್ಕೆ ಬರೆದ ವಿಳಾಸ. ಕಲ್ಯಾಣದ ಚಾಲುಕ್ಯರ ದೊರೆ, ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯನಿಗೆ ‘ಸಾಹಸಭೀಮ’ ಎಂಬ ಬಿರುದಿತ್ತು. ಕವಿ ಮಹಾಭಾರತದ ಭೀಮನಲ್ಲಿ ತನ್ನ ದೊರೆಯನ್ನೇ ಕಂಡು ಹಾಡಿದ. ಹೆಸರು ಓದಿದ ಕೂಡಲೇ ಅರಸನಿಗೆ ಇದು ತನ್ನ ಗೆಲುವಿನ ಕಥೆ ಎಂದು ತಿಳಿಯಬೇಕು. ಆ ಕಾಲದ ಕವಿಗೆ ಪೇಟೆ ಎಂದರೆ ಒಬ್ಬನೇ ಗಿರಾಕಿ, ಅವನು ಸಿಂಹಾಸನದ ಮೇಲೆ ಕುಳಿತವನು.

ಎರಡನೆಯ ಹೆಸರು ಓದುಗರದು. ಸತ್ಯಾಶ್ರಯ ಹೋದ, ಚಾಲುಕ್ಯರೂ ಹೋದರು, ಬಿರುದಿನ ಅರ್ಥ ಹೇಳಲು ಮೇಷ್ಟರು ಬೇಕಾಯಿತು. ಉಳಿದಿದ್ದು ವೈಶಂಪಾಯನ ಸರೋವರದ ದಂಡೆಯ ಮೇಲೆ ನಡೆದ ಗದೆಯ ಕಾಳಗ. ಜನ ಅದನ್ನೇ ಹೆಸರಾಗಿ ಹಿಡಿದರು. 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಅದನ್ನು ರಂಗಕ್ಕೆ ತಂದಾಗ ಇಟ್ಟ ಹೆಸರು ‘ಗದಾಯುದ್ಧ ನಾಟಕಂ’. ಅಲ್ಲಿ ವಿಜಯದ ಸೊಲ್ಲೇ ಇಲ್ಲ. ಗ್ರೀಕ್ ದುರಂತ ನಾಟಕಗಳನ್ನು ಓದಿ ಬಂದಿದ್ದ ಅವರಿಗೆ ಬೇಕಾಗಿದ್ದವನು ಗೆದ್ದ ಭೀಮನಲ್ಲ, ಬಿದ್ದ ದುರ್ಯೋಧನ. ಹೆಸರು ಬದಲಾದಂತೆ ನಾಯಕನೂ ಬದಲಾದ.

ರನ್ನನಿಗಿಂತ ಮೊದಲಿನ ಪಂಪನ ಪಾಡೂ ಇದೇ. 941ರ ಅವನ ಕಾವ್ಯದ ಹೆಸರು ‘ವಿಕ್ರಮಾರ್ಜುನ ವಿಜಯ’. ವಿಕ್ರಮಾರ್ಜುನ ಎಂದರೆ ಅವನ ದೊರೆ ಅರಿಕೇಸರಿ. ಜನರ ಬಾಯಲ್ಲಿ ಅದು ‘ಪಂಪಭಾರತ’. ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ಗೆ ಊರಿನ ಹೆಸರು ಅಂಟಿ ‘ಗದುಗಿನ ಭಾರತ’ವಾಯಿತು. ಅರಸ ಕೊಟ್ಟ ಹೆಸರು, ಕವಿ ಇಟ್ಟ ಹೆಸರು, ಊರು ಕರೆದ ಹೆಸರು ಇವುಗಳ ಪೈಪೋಟಿಯಲ್ಲಿ ಕನ್ನಡದ ಮಟ್ಟಿಗೆ ಊರೇ ಹೆಚ್ಚು ಸಲ ಗೆದ್ದಿದೆ. ಮುಧೋಳ ಸೀಮೆಯಲ್ಲಿ ಇದರ ತಿರುವುಮುರುವು ಒಂದು ನಡೆದಿದೆ. ಅಲ್ಲಿಯ ಬೆಳಗಲಿ ಈಗ ‘ರನ್ನ ಬೆಳಗಲಿ’. ಕವಿಯ ಹೆಸರು ಊರಿಗೆ ರಕ್ಷಾಪುಟವಾಗಿದೆ.

ಈ ಹಳೆಯ ಹೆಸರುಗಳು ಇಷ್ಟು ಸಲೀಸಾಗಿ ಬದಲಾಗಲು ಒಂದು ಕಾರಣ ಆ ಕಾಲದ ಪುಸ್ತಕದ ಮೈಕಟ್ಟಿನಲ್ಲೇ ಇದೆ. ಓಲೆಗರಿಯ ಕಟ್ಟಿಗೆ ಮೇಲೊಂದು ಕೆಳಗೊಂದು ಮರದ ಹಲಗೆ, ನಡುವೆ ತೂತಿನಲ್ಲಿ ಪೋಣಿಸಿದ ದಾರ. ಇವತ್ತಿನ ಮುಖಪುಟದಂತೆ ಹೆಸರು ಸಾರುವ ಹಾಳೆ ಅದಕ್ಕಿಲ್ಲ. ಕಾವ್ಯದ ಹೆಸರು ಬರುತ್ತಿದ್ದುದು ಒಳಗೆ, ಪ್ರತಿ ಆಶ್ವಾಸದ ಕೊನೆಯ ಗದ್ಯದಲ್ಲಿ. ರನ್ನನ ‘ಅಜಿತಪುರಾಣ’ಕ್ಕೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಬರೆಸಿ ಹಂಚಿದಳು ಎಂಬುದನ್ನು ಕನ್ನಡ ಸಾಹಿತ್ಯ ಚರಿತ್ರೆ ಹೆಮ್ಮೆಯಿಂದ ನೆನೆಯುತ್ತದೆ. ಅವಳು ದಾನವಾಗಿ ಕೊಟ್ಟಿದ್ದು. ಮಾರುವ ಗೊಡವೆ ಇಲ್ಲದ ಪುಸ್ತಕಕ್ಕೆ ಕಣ್ಣು ಸೆಳೆಯುವ ಮುಖವೂ ಬೇಕಾಗಿರಲಿಲ್ಲ. ಮುಖಪುಟ ಹುಟ್ಟಿದ್ದು ಅಚ್ಚುಕೂಟ ಬಂದು, ಪುಸ್ತಕ ಅಂಗಡಿಗೆ ಹೋಗಿ ಇನ್ನೊಂದು ಪುಸ್ತಕದ ಪಕ್ಕ ನಿಂತ ಮೇಲೆ.

ಅಚ್ಚು ಬಂದ ಹೊಸದರಲ್ಲಿ ಕನ್ನಡದ ಹೆಸರಿಡುವವರಿಗೆ ಹೊಸ ಪೇಟೆಯೇ ತೆರೆಯಿತು. ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ಡೆಪ್ಯುಟಿ ಚನ್ನಬಸಪ್ಪನವರು 1871ರಲ್ಲಿ ಕನ್ನಡಕ್ಕೆ ತಂದಾಗ ಇಟ್ಟ ಹೆಸರು ‘ನಗದವರನ್ನು ನಗಿಸುವ ಕಥೆ’. ಧಾರವಾಡದ ಕಡೆ ಆಗಷ್ಟೇ ಶಾಲೆಗಳಲ್ಲಿ ಕನ್ನಡ ಕಾಲೂರುತ್ತಿತ್ತು. ಹೊಸದಾಗಿ ಓದು ಕಲಿತವನಿಗೆ ಪುಸ್ತಕ ಏನು ಮಾಡುತ್ತದೆ ಎಂದು ಹೆಸರಿನಲ್ಲೇ ಭಾಷೆ ಕೊಟ್ಟುಬಿಟ್ಟರು. ಅದೇ ನಾಟಕ ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರ ಕೈಗೆ ಬಂದದ್ದು ಈಶ್ವರಚಂದ್ರ ವಿದ್ಯಾಸಾಗರರ ಬಂಗಾಳಿಯ ಮೂಲಕ. ಅಲ್ಲಿ ಅದು ‘ಭ್ರಾಂತಿವಿಲಾಸ’. ಒಂದು ಹೆಸರು ಕಟ್ಟೆಯ ಮೇಲೆ ಕೂತವನನ್ನು ಕರೆಯುತ್ತದೆ, ಇನ್ನೊಂದು ಸಂಸ್ಕೃತ ಬಲ್ಲವನನ್ನು.

ಬಾಗಲಕೋಟೆಯ ವಕೀಲ ಕೆರೂರು ವಾಸುದೇವಾಚಾರ್ಯರು ಈ ಕೆಲಸದಲ್ಲಿ ಪಳಗಿದವರು. ‘ಮರ್ಚೆಂಟ್ ಆಫ್ ವೆನಿಸ್’ ಅವರಲ್ಲಿ ‘ಸುರತ ನಗರದ ಶ್ರೇಷ್ಠಿ’, ‘ರೋಮಿಯೋ ಆಂಡ್ ಜೂಲಿಯೆಟ್’ ಆಗಿದ್ದು ‘ರಮೇಶ-ಲಲಿತಾ’, ಗೋಲ್ಡ್‌ಸ್ಮಿತ್‌ನ ‘ಷಿ ಸ್ಟೂಪ್ಸ್ ಟು ಕಾಂಕರ್’ ಆಗಿದ್ದು ‘ವಶೀಕರಣ’. ಸುರತ್ ಎಂದು ಆರಿಸಿದ ಜಾಣತನವನ್ನು ಇಲ್ಲಿ ಒಂದು ಗಳಿಗೆ ನಿಂತು ನೋಡಬೇಕು. ವೆನಿಸ್ ನೀರಿನ ಮೇಲೆ ಬದುಕುವ ಬಂದರು, ಹಡಗಿನ ವ್ಯಾಪಾರ, ಬಡ್ಡಿಯ ಸಾಲ. ಮುಂಬಯಿ ಪ್ರಾಂತದ ಓದುಗನಿಗೆ ಈ ಮೂರೂ ಒಟ್ಟಿಗೆ ಕಣ್ಣಮುಂದೆ ಬರಬೇಕೆಂದರೆ ಸುರತ್ ಬಂದರಿಗಿಂತ ಒಳ್ಳೆಯ ಊರು ಸಿಗಲಾರದು. ಹತ್ತಿ ಮತ್ತು ಬಟ್ಟೆಯ ಊರಾದ ಬಾಗಲಕೋಟೆಯ ಸಾಹುಕಾರನಿಗೆ ‘ಶ್ರೇಷ್ಠಿ’ ಎಂದರೆ ಯಾರು ಎಂದು ಬೇರೆ ಹೇಳಬೇಕೆ?

ಗಳಗನಾಥರು ಮರಾಠಿಯ ಹರಿ ನಾರಾಯಣ ಆಪ್ಟೆಯವರ ‘ವಜ್ರಾಘಾತ’ವನ್ನು ಕನ್ನಡಕ್ಕೆ ತಂದರು. ವಿಜಯನಗರದ ಪತನದ ಕಥೆ. ‘ವಜ್ರಾಘಾತ’ ಕನ್ನಡದಲ್ಲೂ ನಡೆಯುವ ಸಂಸ್ಕೃತ ಪದವೇ. ಹಾಗೆಯೇ ಇಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವರು ಇಟ್ಟಿದ್ದು ‘ಕನ್ನಡಿಗರ ಕರ್ಮಕಥೆ’. ಮರಾಠಿ ಓದುಗನಿಗೆ ಅದು ದೂರದ ಒಂದು ಸಾಮ್ರಾಜ್ಯದ ಮೇಲೆ ಬಿದ್ದ ಸಿಡಿಲು. ಕನ್ನಡದ ಓದುಗನಿಗೆ ತನ್ನದೇ ಮನೆಯ ದುರ್ದೈವ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಮನುಷ್ಯ ಗಳಗನಾಥರು. ಮನೆಯ ಬಾಗಿಲಲ್ಲಿ ನಿಂತು ಹೆಸರು ಹೇಳಿದಾಗ ಒಳಗಿನವರು ಹೊರಗೆ ಬರುತ್ತಾರೋ ಇಲ್ಲವೋ ಎಂಬುದು ಅವರಿಗೆ ಕಾಲು ನೋಯಿಸಿಕೊಂಡು ಕಲಿತ ಪಾಠ.

ವಿಜಯಪುರದ ಫ.ಗು. ಹಳಕಟ್ಟಿಯವರು 1923ರಲ್ಲಿ ಶರಣರ ವಚನಗಳನ್ನು ವಿಷಯವಾರು ಜೋಡಿಸಿ ಪ್ರಕಟಿಸಿದಾಗ ಹೆಸರು ‘ವಚನ ಶಾಸ್ತ್ರ ಸಾರ’. ನಡುವೆ ಕೂತ ‘ಶಾಸ್ತ್ರ’ ಎಂಬ ಪದ ವಚನಗಳಿಗೆ ಪಂಡಿತರ ಸಭೆಯಲ್ಲಿ ಆಸನ ಕೇಳುತ್ತದೆ. ಸರಿಯಾಗಿ ಐವತ್ತು ವರ್ಷದ ಮೇಲೆ, 1973ರಲ್ಲಿ, ಎ.ಕೆ. ರಾಮಾನುಜನ್ ಆರಿಸಿ ಅನುವಾದಿಸಿದ ವಚನಗಳು ಪೆಂಗ್ವಿನ್‌ನಿಂದ ಬಂದಾಗ ಹೆಸರು ‘ಸ್ಪೀಕಿಂಗ್ ಆಫ್ ಶಿವ’. ಶಾಸ್ತ್ರ ಹೋಗಿ ಮಾತು ಬಂತು. ಗ್ರಂಥಕ್ಕೆ ಬೇಸತ್ತು ನೇರವಾದ ದನಿ ಹುಡುಕುತ್ತಿದ್ದ ಎಪ್ಪತ್ತರ ದಶಕದ ಪಶ್ಚಿಮದ ಯುವಕನಿಗೆ ಅದು ಹೇಳಿ ಮಾಡಿಸಿದ ಹೆಸರು.

ಹೆಸರು ಬದಲಾಗುವ ಈ ಕಥೆಯಲ್ಲಿ ಬೀಳಗಿಯ ಪಾಲು ಸಿನಿಮಾದ್ದು.

1911ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರು ಮನೆಮನೆಯ ಹೆಣ್ಣುಮಕ್ಕಳು ಓದಿದ ಕಾದಂಬರಿಕಾರ. ಅವರ ‘ಧರ್ಮದೇವತೆ’ 1962ರಲ್ಲಿ ಚಿತ್ರವಾಯಿತು. ರಾಜಕುಮಾರ್, ಲೀಲಾವತಿ ನಟಿಸಿದ ಆ ಚಿತ್ರದ ಹೆಸರು ‘ಕರುಣೆಯೇ ಕುಟುಂಬದ ಕಣ್ಣು’. ಕಾದಂಬರಿಯನ್ನು ಕೈಯಲ್ಲಿ ಹಿಡಿದ ಓದುಗನಿಗೆ ‘ಧರ್ಮದೇವತೆ’ ಎಂದರೆ ಮನೆ ಕಾಯುವ ಹೆಣ್ಣು ಎಂದು ನಾಲ್ಕು ಪುಟ ತಿರುವಿದರೆ ತಿಳಿಯುತ್ತದೆ. ಗೋಡೆಯ ಮೇಲಿನ ಪೋಸ್ಟರಿಗೆ ಆ ಸೌಕರ್ಯ ಇಲ್ಲ. ಪೌರಾಣಿಕ ಚಿತ್ರಗಳು ಸಾಲುಸಾಲಾಗಿ ಬರುತ್ತಿದ್ದ ಕಾಲದಲ್ಲಿ ‘ದೇವತೆ’ ಎಂದು ಕಂಡರೆ ಜನ ಕಿರೀಟ, ಗದೆ, ಮೋಡ ನಿರೀಕ್ಷಿಸಿಕೊಂಡು ಬಂದಾರು. ‘ಕುಟುಂಬ’ ಎಂದರೆ ಆ ಅನುಮಾನವಿಲ್ಲ. ಸಾಲದ್ದಕ್ಕೆ ಮೂರು ‘ಕ’ಕಾರ. ಟಾಂಗಾದಲ್ಲಿ ಕೂತು ಮೈಕಿನಲ್ಲಿ ಕೂಗುವವನ ನಾಲಗೆಗೆ ಅದು ತಾನಾಗಿ ಹೊರಳುತ್ತದೆ.

ಮರುವರ್ಷ ಬಂದ ‘ಕುಲವಧು’ವಿನ ಹೆಸರನ್ನು ಮಾತ್ರ ಚಿತ್ರದವರು ಮುಟ್ಟಲಿಲ್ಲ. ಮುಟ್ಟುವ ಅಗತ್ಯ ಇರಲಿಲ್ಲ, ಹೆಸರಿನಲ್ಲೇ ಮನೆ, ಸೊಸೆ, ಕಣ್ಣೀರು ಎಲ್ಲ ಇತ್ತು. 1977ರಲ್ಲಿ ಪುರಾಣಿಕರದೇ ಕಥೆಯಿಂದ ಬಂದ ‘ಸನಾದಿ ಅಪ್ಪಣ್ಣ’ನದು ಇನ್ನೂ ಸ್ವಾರಸ್ಯ. ದಕ್ಷಿಣದ ಪ್ರೇಕ್ಷಕನಿಗೆ ಓಲಗ ಗೊತ್ತು, ನಾದಸ್ವರ ಗೊತ್ತು. ಸನಾದಿ ಎಂಬುದು ಉತ್ತರದ ಮದುವೆಮನೆಯ ಮಾತು. ಆ ಪದವನ್ನು ಹಾಗೇ ಉಳಿಸಿಕೊಂಡು, ಬಿಸ್ಮಿಲ್ಲಾ ಖಾನರ ಶಹನಾಯಿಯನ್ನು ಅದರ ಬೆನ್ನಿಗೆ ಕೊಟ್ಟರು. ಬೀಳಗಿ ಸೀಮೆಯ ಒಂದು ಪದ ಬೆಂಗಳೂರಿನ ಚಿತ್ರಮಂದಿರದಲ್ಲಿ ಅರ್ಥ ಕೇಳದೆ ಓಡಿತು.

ಸಿನಿಮಾ ಹೊರಟ ಮೇಲೆ ಪುಸ್ತಕವೂ ಅದರ ಬೆನ್ನು ಹತ್ತುವುದುಂಟು. ಮರುಮುದ್ರಣದ ಮುಖಪುಟದಲ್ಲಿ ಕಲಾವಿದ ಬರೆದ ಚಿತ್ರ ಹೋಗಿ ನಟನಟಿಯರ ಭಾವಚಿತ್ರ ಬರುತ್ತದೆ. ವಿಕಾಸ್ ಸ್ವರೂಪ್ ಅವರ 2005ರ ಇಂಗ್ಲಿಷ್ ಕಾದಂಬರಿ ‘ಕ್ಯೂ ಆಂಡ್ ಎ’ ಚಿತ್ರದ ನಂತರ ಹೆಸರನ್ನೇ ಬಿಟ್ಟುಕೊಟ್ಟು ‘ಸ್ಲಮ್‌ಡಾಗ್ ಮಿಲಿಯನೇರ್’ ಎಂದು ಅಂಗಡಿಗೆ ಮರಳಿತು. ತ.ರಾ.ಸು. ಅವರ ‘ಹಂಸಗೀತೆ’ 1956ರಲ್ಲಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಆಯಿತು. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ಹಿಂದಿಗೆ ಹೋಗಿ ‘ಗೋಧೂಳಿ’ ಆಯಿತು. ಈ ಕೊನೆಯದರಲ್ಲಿ ಬೇರೆ ದಾರಿ ಇರಲಿಲ್ಲ. ಪುಣ್ಯಕೋಟಿಯ ಹಾಡು ಕೇಳಿ ಬೆಳೆದವನಿಗೆ ಆ ಕನ್ನಡ ಹೆಸರು ಕಿವಿಗೆ ಬಿದ್ದ ಕೂಡಲೇ ಗಂಟಲು ಬಿಗಿಯುತ್ತದೆ. ಕೇಳದವನಿಗೆ ಅದು ಬರಿಯ ಮೂರು ಪದ. ಹಿಂದಿಯವರು ಹಾಡನ್ನು ಬಿಟ್ಟು ಹಸುಗಳು ಮನೆಗೆ ಮರಳುವ ಹೊತ್ತನ್ನು ಹಿಡಿದರು. ಹಸು ಉಳಿಯಿತು, ತಬ್ಬಲಿ ಉಳಿಯಲಿಲ್ಲ.

ಮುಖಪುಟದ ಮಾತಿಗೆ ಉತ್ತರ ಕರ್ನಾಟಕದ ಜಾತ್ರೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ತೇರಿನ ದಾರಿಯಲ್ಲಿ ಬೆಂಡು-ಬತ್ತಾಸು, ಬಳೆ, ಪೀಪಿಯ ಅಂಗಡಿಗಳ ನಡುವೆ ತಾಡಪತ್ರಿ ಹಾಸಿ ಪುಸ್ತಕ ಹರಡಿರುತ್ತಾರೆ: ಪಂಚಾಂಗ, ಹೇಮರಡ್ಡಿ ಮಲ್ಲಮ್ಮನ ಪುರಾಣ, ತತ್ವಪದ, ಲಾವಣಿ, ವ್ರತದ ಕಥೆ, ಸಾಮಾಜಿಕ ನಾಟಕ. ಕೊಳ್ಳುವವರು ನಿಂತೇ ನೋಡುತ್ತಾರೆ, ಬಗ್ಗುವುದಿಲ್ಲ. ಆದ್ದರಿಂದ ಮುಖಪುಟ ನಿಂತವನ ಕಣ್ಣಿಗೆ ನಿಚ್ಚಳವಾಗಿ ಕಾಣಬೇಕು. ಕೆಂಪು, ಹಳದಿ, ಹಸಿರು. ದೇವರ ಚಿತ್ರ ಪೂರ್ತಿ ಪುಟಕ್ಕೆ, ಹೆಸರು ಬೆರಳಗಾತ್ರದ ಅಕ್ಷರದಲ್ಲಿ. ಒಳಗಿನ ಹಾಳೆ ಕಡಿಮೆ ದರದ್ದಾದರೂ ಹೊರಗಿನದು ಮಿರಿಮಿರಿ. ಓದಲು ಬಾರದ ಮುದುಕಿಯೂ ಚಿತ್ರ ನೋಡಿ ತನಗೆ ಬೇಕಾದ ಪುರಾಣವನ್ನೇ ಎತ್ತಿಕೊಳ್ಳುತ್ತಾಳೆ, ಮೊಮ್ಮಗನಿಂದ ಓದಿಸುತ್ತಾಳೆ. ಅದೇ ಪುರಾಣವನ್ನು ವಿಶ್ವವಿದ್ಯಾಲಯ ಸಂಪಾದಿಸಿ ತಂದಾಗ ಮುಖಪುಟ ಒಂದೇ ಬಣ್ಣಕ್ಕೆ ಇಳಿಯುತ್ತದೆ, ದೇವರು ಮಾಯವಾಗಿ ಸಂಪಾದಕರ ಹೆಸರು ಬರುತ್ತದೆ. ಅದು ಕಪಾಟಿನಲ್ಲಿ ಬೆನ್ನು ತೋರಿಸಿ ನಿಲ್ಲುವ ಪುಸ್ತಕ, ಇದು ನೆಲದ ಮೇಲೆ ಮುಖ ತೋರಿಸಿ ಮಲಗುವ ಪುಸ್ತಕ.

ಹಳ್ಳಿಯ ನಾಟಕದ ಪುಸ್ತಕಗಳಿಗೆ ಇನ್ನೊಂದು ಉಪಾಯ ಗೊತ್ತಿದೆ, ‘ಅರ್ಥಾತ್’. ಒಂದು ಹೆಸರು ನೀತಿಯದು, ಇನ್ನೊಂದು ರೋಚಕದ್ದು, ನಡುವೆ ‘ಅರ್ಥಾತ್’. ನೀತಿಯ ಹೆಸರಿಗೆ ಊರ ಹಿರಿಯರು ಒಪ್ಪುತ್ತಾರೆ, ರೋಚಕದ ಹೆಸರಿಗೆ ಹುಡುಗರು ಪಟ್ಟಿ ಎತ್ತುತ್ತಾರೆ. ಎರಡು ಪೇಟೆಗೆ ಎರಡು ಪ್ರತಿ ಅಚ್ಚು ಹಾಕುವ ಖರ್ಚಿಲ್ಲದೆ ಒಂದೇ ಮುಖಪುಟದಲ್ಲಿ ಕೆಲಸ ಮುಗಿಯುತ್ತದೆ. ಇಂಗ್ಲಿಷ್ ಪ್ರಕಾಶಕರು ಹೆಸರಿನ ಮುಂದೆ ಎರಡು ಚುಕ್ಕೆ ಇಟ್ಟು ಉಪಶೀರ್ಷಿಕೆ ಬರೆಯುತ್ತಾರಲ್ಲ, ಅದೂ ಈ ‘ಅರ್ಥಾತ್’ನ ತಮ್ಮನೇ.

ಆ ಎರಡು ಚುಕ್ಕೆಯ ಕೆಲಸ ಕನ್ನಡದ ಪುಸ್ತಕ ಇಂಗ್ಲಿಷಿಗೆ ಹೋಗುವಾಗ ಚೆನ್ನಾಗಿ ಕಾಣುತ್ತದೆ. ಅನಂತಮೂರ್ತಿಯವರ ‘ಸಂಸ್ಕಾರ’ 1976ರಲ್ಲಿ ರಾಮಾನುಜನ್ ಅವರ ಅನುವಾದದಲ್ಲಿ ‘ಸಂಸ್ಕಾರ: ಎ ರೈಟ್ ಫಾರ್ ಎ ಡೆಡ್ ಮ್ಯಾನ್’ ಆಯಿತು. ಕನ್ನಡದಲ್ಲಿ ಆ ಪದಕ್ಕೆ ಶವಕ್ಕೆ ಮಾಡುವ ಕರ್ಮ, ಬೆಳೆಸಿಕೊಂಡ ನಡತೆ, ಶುದ್ಧಿ ಎಲ್ಲವೂ ಅರ್ಥವೇ. ಇಂಗ್ಲಿಷಿನ ಉಪಶೀರ್ಷಿಕೆ ಅವುಗಳಲ್ಲಿ ಒಂದನ್ನು ಆರಿಸಿ ಮುಂದಿಟ್ಟಿತು. ಭೈರಪ್ಪನವರ ‘ಆವರಣ’ಕ್ಕೆ ‘ದಿ ವೇಲ್’ ಎಂಬ ಬಾಲ ಬಂತು. ವಸುಧೇಂದ್ರರ ‘ತೇಜೋ ತುಂಗಭದ್ರಾ’ಕ್ಕೆ ‘ಟ್ರಿಬ್ಯುಟರೀಸ್ ಆಫ್ ಟೈಮ್’. ಕಾಯ್ಕಿಣಿಯವರ ‘ನೋ ಪ್ರೆಸೆಂಟ್ಸ್ ಪ್ಲೀಸ್’ಗೆ ‘ಮುಂಬೈ ಸ್ಟೋರೀಸ್’. ಕನ್ನಡದಲ್ಲಿ ಬೇರೆ ಬೇರೆ ಸಂಕಲನಗಳಲ್ಲಿ ಹರಡಿದ್ದ ಕಥೆಗಳನ್ನು ಒಂದು ನಗರದ ದಾರದಲ್ಲಿ ಪೋಣಿಸಿದ್ದೇ ಅಲ್ಲಿಯ ಯುಕ್ತಿ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಒಬ್ಬ ಅನುವಾದಕರಲ್ಲಿ ‘ವಿಸ್ಪರಿಂಗ್ ಅರ್ತ್’, ಇನ್ನೊಬ್ಬರಲ್ಲಿ ‘ರಿಟರ್ನ್ ಟು ಅರ್ತ್’. ಮೊದಲನೆಯದು ಕವಿತೆಯಂತೆ ಕೇಳುತ್ತದೆ, ಎರಡನೆಯದು ಕಾರಂತರಂತೆ.

ವಿವೇಕ ಶಾನಭಾಗರ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟರೆ ಎರಡು ತುದಿ ಕಾಣುತ್ತವೆ. ‘ಘಾಚರ್ ಘೋಚರ್’ಗೆ ಕನ್ನಡದಲ್ಲೂ ಅರ್ಥವಿಲ್ಲ, ಕಥೆಯೊಳಗಿನ ಒಂದು ಮನೆಯವರು ತಮಗಾಗಿ ಕಟ್ಟಿಕೊಂಡ ಶಬ್ದ ಅದು. ಎಲ್ಲರಿಗೂ ಸಮಾನವಾಗಿ ಅಪರಿಚಿತವಾದ್ದರಿಂದ ಎಲ್ಲಿಗೂ ಹಾಗೆಯೇ ಹೋಯಿತು. ‘ಸಕೀನಾಳ ಮುತ್ತು’ ಹಾಗಲ್ಲ. ಮುತ್ತು ಎಂದರೆ ಕಡಲ ಮುತ್ತೂ ಹೌದು, ತುಟಿಯ ಮುತ್ತೂ ಹೌದು. ಇಂಗ್ಲಿಷಿನಲ್ಲಿ ಎರಡನ್ನೂ ಹೊರುವ ಪದ ಇಲ್ಲ. ಒಂದನ್ನು ಆರಿಸಲೇಬೇಕಾಗಿ ‘ಸಕೀನಾಸ್ ಕಿಸ್’ ಆಯಿತು.

2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಗೆದ್ದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕೂಡ ಆಯ್ದು ಕಟ್ಟಿದ ಪುಸ್ತಕ. ಮೂರು ದಶಕಗಳ ಬರವಣಿಗೆಯಿಂದ ದೀಪಾ ಭಾಸ್ತಿ ಆರಿಸಿ ಅನುವಾದಿಸಿದ 12 ಕಥೆಗಳು. ಹೆಸರು ‘ಎದೆಯ ಹಣತೆ’ಯದು. ಆದರೆ ಹಣತೆ ಎಂದರೆ ಮಣ್ಣಿನದು, ಎಣ್ಣೆಯದು, ಊದಿದರೆ ಆರುವಂಥದು. ‘ಲ್ಯಾಂಪ್’ಗೆ ಆ ಮಣ್ಣಿನ ವಾಸನೆ ಇಲ್ಲ. ಬೆಳಕು ದಾಟಿತು, ಹಣತೆ ಇಲ್ಲೇ ಉಳಿಯಿತು.

ಭಾಷೆ ಒಂದೇ ಇದ್ದರೂ ಹೆಸರು ಬದಲಾಗುತ್ತದೆ ಎನ್ನುವುದಕ್ಕೆ ಇಂಗ್ಲಿಷಿನವರೇ ಸಾಕ್ಷಿ. 1997ರಲ್ಲಿ ಬ್ರಿಟನ್ನಿನಲ್ಲಿ ಬಂದ ‘ಹ್ಯಾರಿ ಪಾಟರ್ ಆಂಡ್ ದಿ ಫಿಲಾಸಫರ್ಸ್ ಸ್ಟೋನ್’ ಮರುವರ್ಷ ಅಮೆರಿಕದಲ್ಲಿ ‘ಸಾರ್ಸರರ್ಸ್ ಸ್ಟೋನ್’. ತತ್ತ್ವಜ್ಞಾನಿ ಎಂದು ಕಂಡರೆ ಅಲ್ಲಿಯ ಮಕ್ಕಳು ಪುಸ್ತಕ ಮುಟ್ಟಲಾರರು ಎಂದು ಪ್ರಕಾಶಕರಿಗೆ ಅಂಜಿಕೆ. ಬ್ರಿಟನ್ನಿನಲ್ಲಿ ಅದೇ ಪುಸ್ತಕಕ್ಕೆ 1998ರಲ್ಲಿ ದೊಡ್ಡವರ ಆವೃತ್ತಿ ಬಂತು: ಒಳಗೆ ಒಂದಕ್ಷರ ಬದಲಿಲ್ಲ, ಹೊರಗೆ ಮಕ್ಕಳ ಬಣ್ಣದ ಚಿತ್ರದ ಬದಲು ಉಗಿಬಂಡಿಯ ಕಪ್ಪು-ಬಿಳುಪು ಛಾಯಾಚಿತ್ರ. ರೈಲಿನಲ್ಲಿ ಕೂತು ಮಕ್ಕಳ ಪುಸ್ತಕ ಓದಲು ನಾಚುವವರಿಗಾಗಿ ಆ ಮುಸುಕು. ಅಗಾಥಾ ಕ್ರಿಸ್ಟಿಯ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ 1934ರಲ್ಲಿ ಅಮೆರಿಕಕ್ಕೆ ಹೋದಾಗ ‘ಮರ್ಡರ್ ಇನ್ ದಿ ಕ್ಯಾಲೆ ಕೋಚ್’ ಆಯಿತು. ಗ್ರಹಾಂ ಗ್ರೀನ್‌ನ ‘ಸ್ಟಾಂಬುಲ್ ಟ್ರೇನ್’ ಅದಕ್ಕೂ ಮೊದಲೇ ಅಲ್ಲಿ ‘ಓರಿಯಂಟ್ ಎಕ್ಸ್‌ಪ್ರೆಸ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಒಂದು ಪುಸ್ತಕದ ಹೊಸ ಹೆಸರು ಇನ್ನೊಂದು ಪುಸ್ತಕದ ಹಳೆಯ ಹೆಸರನ್ನು ಓಡಿಸಿತು.

ಇದರ ಹಿಂದಿನ ವ್ಯವಹಾರ ಸರಳ. ಪುಸ್ತಕದ ಹಕ್ಕುಗಳನ್ನು ಭಾಷೆವಾರು, ಪ್ರದೇಶವಾರು ಬೇರೆ ಬೇರೆ ಮಾರುತ್ತಾರೆ. ‘ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ’ ಎಂಬ ಸಣ್ಣ ಅಕ್ಷರ ಹಲವು ಇಂಗ್ಲಿಷ್ ಪುಸ್ತಕಗಳ ಬೆನ್ನ ಮೇಲೆ ಇರುವುದು ಅದಕ್ಕೇ. ಮುಖಪುಟದ ಚಿತ್ರದ ಹಕ್ಕು ಪಠ್ಯದ ಹಕ್ಕಿನೊಂದಿಗೆ ಬರುವುದಿಲ್ಲ. ಹೊಸ ಪ್ರಕಾಶಕ ಹಳೆಯ ಚಿತ್ರ ಬೇಕೆಂದರೆ ಬೇರೆ ದುಡ್ಡು ಕೊಡಬೇಕು, ಹಾಗಾಗಿ ತನ್ನದೇ ಮಾಡಿಸುತ್ತಾನೆ. ಪುಸ್ತಕದ ಹೆಸರಿನ ಮೇಲೆ ಮಾತ್ರ ಸಾಮಾನ್ಯವಾಗಿ ಕೃತಿಸ್ವಾಮ್ಯ ಇರುವುದಿಲ್ಲ. ಒಂದೇ ಹೆಸರಿನ ಎರಡು ಪುಸ್ತಕ ಬರಬಹುದು, ಒಂದೇ ಪುಸ್ತಕಕ್ಕೆ ನಾಲ್ಕು ಹೆಸರು ಬರಬಹುದು, ತಡೆಯುವವರಿಲ್ಲ.

ಹೆಸರು ಬದಲಾಯಿಸುವುದು ತಪ್ಪೇನಲ್ಲ. ರನ್ನನ ಕಾವ್ಯ ಇಂದಿಗೂ ಶಾಲೆಯ ಹುಡುಗರ ಬಾಯಲ್ಲಿರುವುದಕ್ಕೆ ‘ಗದಾಯುದ್ಧ’ ಎಂಬ ಜನರ ಹೆಸರೇ ಅರ್ಧ ಕಾರಣ. ‘ವಜ್ರಾಘಾತ’ ಎಂದೇ ಇದ್ದಿದ್ದರೆ ಗಳಗನಾಥರ ಗಂಟು ಅಷ್ಟು ಬೇಗ ಹಗುರಾಗುತ್ತಿರಲಿಲ್ಲ. ತೊಂದರೆ ಇರುವುದು ಹಳೆಯ ಹೆಸರನ್ನು ಮುಚ್ಚಿಡುವಲ್ಲಿ. ಕನ್ನಡದಲ್ಲಿ ಇದು ಈಗ ಹೆಚ್ಚುತ್ತಿದೆ. ಹಳೆಯ ಕಥಾಸಂಕಲನದಿಂದ ನಾಲ್ಕು ಕಥೆ ತೆಗೆದು, ಎರಡು ಸೇರಿಸಿ, ಹೊಸ ಹೆಸರು ಹೊಸ ಮುಖಪುಟ ಹಾಕಿ ತರುತ್ತಾರೆ. ಹಕ್ಕಿನ ಪುಟದಲ್ಲಿ ‘ಮೊದಲ ಮುದ್ರಣ’ ಎಂದಷ್ಟೇ ಇರುತ್ತದೆ. ಗ್ರಂಥಾಲಯದವರು ಹೊಸದೆಂದು ಕೊಳ್ಳುತ್ತಾರೆ, ಸಂಶೋಧನೆಯ ವಿದ್ಯಾರ್ಥಿ ಎರಡು ಕೃತಿ ಎಂದು ಎಣಿಸುತ್ತಾನೆ, ಓದುಗ ಹತ್ತನೆಯ ಪುಟಕ್ಕೆ ಬಂದಾಗ ‘ಇದನ್ನು ಓದಿದ್ದೇನಲ್ಲ’ ಎಂದು ಹಣೆ ಮುಟ್ಟಿಕೊಳ್ಳುತ್ತಾನೆ.

ಇದಕ್ಕೆ ಬೇಕಾಗಿರುವುದು ಒಂದೇ ಸಾಲು. ಪ್ರಕಾಶಕರು ಹಕ್ಕಿನ ಪುಟದಲ್ಲಿ ಈ ಕೃತಿ ಮೊದಲು ಯಾವ ಹೆಸರಿನಲ್ಲಿ, ಯಾವ ವರ್ಷ, ಎಲ್ಲಿಂದ ಬಂದಿತ್ತು ಎಂದು ಅಚ್ಚು ಹಾಕಬೇಕು. ಅನುವಾದವಾದರೆ ಮೂಲದ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಡಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸಾರ್ವಜನಿಕ ಗ್ರಂಥಾಲಯಗಳು ಕನಿಷ್ಠ ತಮ್ಮ ನೆಲದ ಲೇಖಕರ ಮಟ್ಟಿಗೆ ಇಂಥ ಜೋಡಿ ಹೆಸರುಗಳ ಪಟ್ಟಿಯೊಂದನ್ನು ಗೋಡೆಗೆ ಹಾಕಿದರೆ ಹೆಚ್ಚಿನ ಖರ್ಚೇನೂ ಇಲ್ಲ: ‘ಸಾಹಸಭೀಮ ವಿಜಯ’ದ ಎದುರು ‘ಗದಾಯುದ್ಧ’, ‘ಧರ್ಮದೇವತೆ’ಯ ಎದುರು ‘ಕರುಣೆಯೇ ಕುಟುಂಬದ ಕಣ್ಣು’, ರಾನಡೆಯವರ ಸಂತರ ಪುಸ್ತಕದ ಎದುರು ಅದರ ಮೂರೂ ಹೆಸರು. ಅಲ್ಲಿಯವರೆಗೆ ಓದುಗರೇ ಎಚ್ಚರವಾಗಿರಬೇಕು. ಹೊಸ ಮುಖಪುಟ ನೋಡಿ ಹಣ ಎಣಿಸುವ ಮುಂಚೆ ಒಂದು ಹಾಳೆ ತಿರುವಿ, ಪರಿವಿಡಿ ಮತ್ತು ಹಕ್ಕಿನ ಪುಟ ಓದಿಕೊಳ್ಳಿ.